ಲೆಕ್ಕಕ್ಕೆ ಬಾರದ ಗಂಟು

ಭಾರತದ ಕ್ಷಯರೋಗ ನಿಯಂತ್ರಣದ ಚರಿತ್ರೆಯನ್ನು ಯಾರೇ ಬರೆಯಲಿ, ತುಮಕೂರು ಜಿಲ್ಲೆಯನ್ನು ಬಿಟ್ಟು ಬರೆಯಲು ಆಗುವುದಿಲ್ಲ. 1960–61ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಈ ಜಿಲ್ಲೆಯ ಹಳ್ಳಿಗಳನ್ನು ಆಯ್ದು ಮನೆಮನೆ ಸಮೀಕ್ಷೆ ನಡೆಸಿತು. ಅಲ್ಲಿ ಸಿಕ್ಕ ಅಂಕಿಗಳೂ ರೋಗಿಗಳು ಆಡಿದ ಮಾತುಗಳೂ ದೇಶದ ಕಾರ್ಯಕ್ರಮಕ್ಕೆ ಆಧಾರವಾದವು. ಅಷ್ಟು ಶ್ರದ್ಧೆಯಿಂದ ಎಣಿಸಿದ್ದು ಎದೆಯ ಕ್ಷಯವನ್ನು ಮಾತ್ರ. ಅದೇ ರೋಗಾಣು ಕುತ್ತಿಗೆಯ ದುಗ್ಧಗ್ರಂಥಿಗಳಲ್ಲಿ ನೆಲೆಯೂರಿ ಎಬ್ಬಿಸುವ ಗಂಟು ಆ ಎಣಿಕೆಯೊಳಗೆ ಬರಲಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಸೇರಿದ ಮಧುಗಿರಿ ಉಪವಿಭಾಗ ಈ ಜಿಲ್ಲೆಯ ಬರಪೀಡಿತ ಉತ್ತರ ಭಾಗ. ಅಲ್ಲಿ ಕುತ್ತಿಗೆಯ ಗಂಟು ಹೊತ್ತವರಿಗೆ ‘ಇದು ಏನು’ ಎಂಬ ಪ್ರಶ್ನೆಗೆ ಉತ್ತರ ಬಹಳ ತಡವಾಗಿ ಬಂತು. ಈ ತಡಕ್ಕೆ ಬಡತನವನ್ನೋ ದೂರವನ್ನೋ ಮೂಢನಂಬಿಕೆಯನ್ನೋ ಮುಖ್ಯ ಕಾರಣವೆಂದು ಹೇಳುವುದು ರೂಢಿ. ನನಗೆ ಹಾಗನ್ನಿಸುವುದಿಲ್ಲ. ಗ್ರಂಥಿಗಳ ಊತವನ್ನು ಆಡಳಿತ ನೂರಿಪ್ಪತ್ತು ವರ್ಷಗಳಿಂದ ಒಂದೇ ಪ್ರಶ್ನೆಯ ಮೂಲಕ ನೋಡಿಕೊಂಡು ಬಂದಿದೆ: ಇದು ಇನ್ನೊಬ್ಬರಿಗೆ ಹರಡುತ್ತದೆಯೋ ಇಲ್ಲವೋ? ಹರಡುತ್ತದೆಂದು ಕಂಡಾಗ ಗಂಟನ್ನು ಹುಡುಕಿಕೊಂಡು ಊರೂರಿಗೆ ಬಂತು. ಹರಡದೆಂದು ತಿಳಿದ ಮೇಲೆ ಕೈಬಿಟ್ಟಿತು. ರೋಗಿಯ ಪ್ರಶ್ನೆ ಬೇರೆಯೇ ಇತ್ತು.

ಗಂಟನ್ನು ಗಮನಿಸುವ ವಿದ್ಯೆ ಇಲ್ಲಿಗೆ ಹೊಸದಲ್ಲ. ಸುಶ್ರುತ ಸಂಹಿತೆಯ ನಿದಾನಸ್ಥಾನದ ಹನ್ನೊಂದನೆಯ ಅಧ್ಯಾಯ ಗ್ರಂಥಿ, ಅಪಚಿ, ಅರ್ಬುದ, ಗಳಗಂಡ ಎಂಬ ನಾಲ್ಕನ್ನು ಒಟ್ಟಿಗೆ ಇಟ್ಟುಕೊಂಡು ಒಂದೊಂದನ್ನೂ ಬೇರ್ಪಡಿಸುತ್ತದೆ. ದವಡೆಯ ಸಂದು, ಕಂಕುಳು, ಕುತ್ತಿಗೆಗಳಲ್ಲಿ ಗಂಟುಗಳೆದ್ದು, ಕೆಲವು ಒಡೆದು ಸೋರಿ, ಕೆಲವು ತಾವಾಗಿಯೇ ಇಳಿದು, ಅಷ್ಟರಲ್ಲಿ ಹೊಸವು ಹುಟ್ಟಿ, ವರ್ಷಗಟ್ಟಲೆ ಕಾಡುವ ಬೇನೆಯೆಂದು ಅಪಚಿಯನ್ನು ಅದು ವರ್ಣಿಸುತ್ತದೆ. ಇಂದಿನ ವೈದ್ಯರು ಅದನ್ನು ಓದಿದರೆ ಅವರ ಮನಸ್ಸಿಗೆ ಮೊದಲು ಬರುವುದು ಗ್ರಂಥಿಗಳ ಕ್ಷಯವೇ. ಚರಕ ಸಂಹಿತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನೆಗಡಿ, ಪಕ್ಕೆನೋವು, ಕೆಮ್ಮು, ಜ್ವರ, ವಾಂತಿಗಳು ಕೂಡಿಕೊಂಡ ಗಂಡಮಾಲೆ ವಾಸಿಯಾಗುವುದಿಲ್ಲವೆಂದು ಎಚ್ಚರಿಸುತ್ತದೆ. ಕುತ್ತಿಗೆಯ ಗಂಟಿಗೂ ಎದೆಯ ಬೇನೆಗೂ ನಂಟಿದೆ ಎಂಬುದು ರೋಗಾಣುವಿನ ಕಲ್ಪನೆಯೇ ಇಲ್ಲದ ಕಾಲದಲ್ಲಿ ಕಣ್ಣಿಗೆ ಬಿದ್ದಿತ್ತೆಂಬುದು ಇದರ ಅರ್ಥ. ಶಾರ್ಙ್ಗಧರ ಸಂಹಿತೆಯ ಕಾಂಚನಾರ ಗುಗ್ಗುಳುವನ್ನು ಗಂಡಮಾಲೆಗೆ ಕೊಡುವ ಪದ್ಧತಿ ಇಂದಿಗೂ ನಡೆದಿದೆ. ಕೊರಟಗೆರೆಯ ಸಿದ್ಧರಬೆಟ್ಟ ಗಿಡಮೂಲಿಕೆಗೆ ಹೆಸರಾದ ಬೆಟ್ಟ. ಬೇರು, ತೊಗಟೆ, ಸೊಪ್ಪು ತಿಳಿದ ನಾಟಿ ವೈದ್ಯರು ಈ ಸೀಮೆಯಲ್ಲಿ ಎಂದೂ ಕಡಿಮೆಯಿರಲಿಲ್ಲ. ಅವರ ಬಳಿಗೆ ಹೋದದ್ದು ಜನರ ಅವಿವೇಕವೆಂದು ನಾನು ತಿಳಿಯುವುದಿಲ್ಲ. ಗಂಟಿನ ಜಾಗ, ಸಂಖ್ಯೆ, ಗಟ್ಟಿತನ, ಒಡೆಯುವ ಬಗೆ, ಎಷ್ಟು ದಿನ ಇದ್ದೀತು ಎಂಬ ಅಂದಾಜು ಇವೆಲ್ಲ ಆ ವಿದ್ಯೆಗೆ ಎಟುಕುತ್ತಿದ್ದವು. ಎಟುಕದೇ ಹೋದದ್ದು ಒಂದು: ಹೊರಗಿನಿಂದ ಒಂದೇ ಥರ ಕಾಣುವ ಎರಡು ಗಂಟುಗಳ ಒಳಗೆ ಎರಡು ಬೇರೆ ರೋಗಗಳಿರಬಹುದು. ಅದನ್ನು ಬೆರಳಿನಿಂದ ಒತ್ತಿ ತಿಳಿಯುವುದು ಸುಶ್ರುತನಿಗಷ್ಟೇ ಅಲ್ಲ, ಇಂದಿನ ಪ್ರೊಫೆಸರರಿಗೂ ಆಗದ ಮಾತು.

ಆಡಳಿತದ ಕೈ ಈ ಸೀಮೆಯ ಜನರ ಮೈಮೇಲಿನ ಗಂಟುಗಳನ್ನು ಮೊದಲು ಮುಟ್ಟಿದ್ದು ಪ್ಲೇಗಿನ ಕಾಲದಲ್ಲಿ. 1898ರ ಆಗಸ್ಟ್‌ನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನ ದಾರಿ ಹಿಡಿದು ಪ್ಲೇಗು ಬೆಂಗಳೂರಿಗೆ ಬಂತು. ಆ ದಾರಿ ಹಾಯುತ್ತಿದ್ದದ್ದು ತುಮಕೂರಿನ ಮೇಲೆಯೇ. ಮೈಸೂರು ಸಂಸ್ಥಾನದುದ್ದಕ್ಕೂ ಊರು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುವುದು, ಮನೆಗಳ ಹೆಂಚು ತೆಗೆದು ಬಿಸಿಲು ಬೀಳಿಸುವುದು, ಸೋಂಕು ತಗುಲಿದವರನ್ನು ಬೇರೆ ಇಡುವುದು ವರ್ಷವರ್ಷದ ಕಥೆಯಾಯಿತು. ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರನ್ನು ಇಳಿಸಿ ಜ್ವರವಿದೆಯೇ, ತೊಡೆಸಂದು, ಕಂಕುಳು, ಕುತ್ತಿಗೆಗಳಲ್ಲಿ ಗಡ್ಡೆಯಿದೆಯೇ ಎಂದು ನೋಡುವ ತಪಾಸಣೆ ಬಂತು. ಹೆಣ್ಣುಮಕ್ಕಳ ಮೈ ಮುಟ್ಟಿ ನೋಡುವುದರ ಬಗ್ಗೆ ದೇಶದ ಉದ್ದಗಲಕ್ಕೂ ಎದ್ದ ಸಿಟ್ಟು ಪುಣೆಯಲ್ಲಿ 1897ರಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್‌ನ ಕೊಲೆಯವರೆಗೂ ಹೋಗಿತ್ತು. ಇಲ್ಲಿ ಗಮನಿಸಬೇಕಾದದ್ದು ಗಡ್ಡೆಗೆ ಅಂದು ಸಿಕ್ಕ ಮಹತ್ವ. ಹಾಂಕಾಂಗಿನಲ್ಲಿ 1894ರಲ್ಲಿ ಅಲೆಕ್ಸಾಂಡರ್ ಯೆರ್ಸಾಂ ಪ್ಲೇಗಿನ ರೋಗಾಣುವನ್ನು ಕಂಡದ್ದು ಸತ್ತವರ ಮೈಯ ಗಡ್ಡೆಯೊಳಗಿನ ರಸವನ್ನು ಸೂಕ್ಷ್ಮದರ್ಶಕದ ಅಡಿ ಇಟ್ಟಾಗ. ಗಂಟಿನ ಉತ್ತರ ಗಂಟಿನ ಒಳಗೇ ಇದೆ, ಅದನ್ನು ಹೊರತೆಗೆದು ನೋಡಬೇಕು ಎಂಬ ಪಾಠ ಪ್ಲೇಗಿನ ಮೊದಲ ವರ್ಷಗಳಲ್ಲೇ ಜಗತ್ತಿನ ಮುಂದಿತ್ತು. ಅದರ ಹತ್ತು ವರ್ಷಗಳೊಳಗೆ, 1904ರಲ್ಲಿ, ಆಫ್ರಿಕದ ನಿದ್ರಾರೋಗವನ್ನು ಪತ್ತೆಮಾಡಲು ಗ್ರೇಗ್ ಮತ್ತು ಗ್ರೇ ಎಂಬ ವೈದ್ಯರು ಕುತ್ತಿಗೆಯ ಗ್ರಂಥಿಗಳಿಗೆ ಸೂಜಿ ಹಾಕಿ ರಸ ಹೀರಿದರು. ಈ ಎರಡೂ ಹರಡುವ ರೋಗಗಳು. ಗಂಟಿಗೆ ಸೂಜಿ ಹಾಕುವಷ್ಟು ಆಸಕ್ತಿ ಆಡಳಿತಕ್ಕೆ ಬಂದದ್ದು ಆ ಕಾರಣಕ್ಕೇ.

ಹರಡದ ಗಂಟಿನ ಕಥೆ ಯುರೋಪಿನಲ್ಲೂ ಗೊಂದಲದ್ದೇ. ಇಂಗ್ಲೆಂಡಿನಲ್ಲಿ ಗಂಡಮಾಲೆಯ ಮಕ್ಕಳನ್ನು ರಾಜ ಮುಟ್ಟಿದರೆ ವಾಸಿಯಾಗುತ್ತದೆಂಬ ನಂಬಿಕೆ ಹದಿನೆಂಟನೆಯ ಶತಮಾನದವರೆಗೂ ಇತ್ತು. ಮುಂದೆ ನಿಘಂಟುಕಾರನಾಗಿ ಹೆಸರಾದ ಸ್ಯಾಮ್ಯುಯೆಲ್ ಜಾನ್ಸನ್ನನನ್ನು ಎಳೆಯ ಮಗುವಾಗಿದ್ದಾಗ 1712ರಲ್ಲಿ ರಾಣಿ ಆನಳ ಸ್ಪರ್ಶಕ್ಕೆ ಕರೆದೊಯ್ದಿದ್ದರು. ಅವನ ಕುತ್ತಿಗೆಯ ಕಲೆ ಕೊನೆಯವರೆಗೂ ಹೋಗಲಿಲ್ಲ. 1882ರ ಮಾರ್ಚ್ 24ರಂದು ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಪ್ರಕಟಿಸಿದ ಮೇಲೂ ತೊಡಕು ತೀರಲಿಲ್ಲ. 1832ರಲ್ಲಿ ಥಾಮಸ್ ಹಾಜ್‌ಕಿನ್ ವರ್ಣಿಸಿದ್ದ ಗ್ರಂಥಿಗಳ ಇನ್ನೊಂದು ಕಾಯಿಲೆಯನ್ನು ವಿಯೆನ್ನಾದ ಕಾರ್ಲ್ ಸ್ಟರ್ನ್‌ಬರ್ಗ್ 1898ರಲ್ಲಿ ಕ್ಷಯದ್ದೇ ಒಂದು ವಿಚಿತ್ರ ರೂಪವೆಂದು ಬರೆದ. ಅದು ಕ್ಷಯವಲ್ಲ, ಬೇರೆಯೇ ರೋಗ ಎಂದು 1902ರಲ್ಲಿ ಖಚಿತವಾಗಿ ಹೇಳಿದವಳು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನಲ್ಲಿದ್ದ ಡೊರೊಥಿ ರೀಡ್ ಎಂಬ ಯುವ ವೈದ್ಯೆ. ಗ್ರಂಥಿಯ ತೆಳು ಪದರವನ್ನು ಬಣ್ಣ ಹಾಕಿ ದಿನಗಟ್ಟಲೆ ನೋಡಿ ಅವಳು ಗುರುತಿಸಿದ ಕೋಶಕ್ಕೆ ಇಂದು ಅವಳ ಮತ್ತು ಸ್ಟರ್ನ್‌ಬರ್ಗನ ಹೆಸರುಗಳು ಜೋಡಿಯಾಗಿ ಅಂಟಿಕೊಂಡಿವೆ. ವಿಯೆನ್ನಾದ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡವರಿಗೇ ಕ್ಷಯವೂ ಗ್ರಂಥಿಗಳ ಕ್ಯಾನ್ಸರೂ ಬೇರೆಯಾಗಿ ಕಾಣಲಿಲ್ಲವೆಂದ ಮೇಲೆ, ಬರೀ ಕೈಯಿಂದ ಮುಟ್ಟಿ ‘ಟಿಬಿ ಗಂಟು’ ಎಂದು ಚೀಟಿ ಬರೆಯುವುದು ಎಷ್ಟು ದೊಡ್ಡ ಊಹೆ ಎಂಬುದನ್ನು ಯೋಚಿಸಬೇಕು.

ಈಗ ತುಮಕೂರಿಗೆ ಬರೋಣ. ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಸ್ಥಾಪನೆಯಾಗಿ 1960ರ ಸೆಪ್ಟೆಂಬರ್ 16ರಂದು ಜವಾಹರಲಾಲ್ ನೆಹರೂ ಅವರಿಂದ ಉದ್ಘಾಟನೆಗೊಂಡಿತು. ರಾಜ್ ನಾರಾಯಣ್ ಮತ್ತು ಅವರ ಸಂಗಡಿಗರು ಜಿಲ್ಲೆಯಿಂದ ಆಯ್ದ ಹಳ್ಳಿಗಳಲ್ಲಿ ಮನೆಯ ಪ್ರತಿಯೊಬ್ಬರ ಹೆಸರು ಬರೆದುಕೊಂಡು, ತೋಳಿಗೆ ಟ್ಯೂಬರ್ಕ್ಯುಲಿನ್ ಚುಚ್ಚಿ, ಚಿಕ್ಕ ಫಿಲ್ಮಿನ ಎಕ್ಸ್-ರೇ ತೆಗೆದು, ನೆರಳು ಕಂಡವರ ಕಫವನ್ನು ಪರೀಕ್ಷಿಸಿದರು. ಎಲ್ಲ ವಯಸ್ಸಿನವರನ್ನೂ ಸೇರಿಸಿದರೆ ನೂರರಲ್ಲಿ ಸುಮಾರು 38 ಮಂದಿಗೆ ಸೋಂಕು ತಗುಲಿತ್ತು. ಕಫದಲ್ಲಿ ರೋಗಾಣು ಸಿಕ್ಕವರು ಸಾವಿರಕ್ಕೆ ಸುಮಾರು ನಾಲ್ವರು. ಕ್ಷಯ ನಗರದ ಗಿರಣಿ ಕೇರಿಗಳ ರೋಗ, ಹಳ್ಳಿಯ ಒಳ್ಳೆಯ ಗಾಳಿಯಲ್ಲಿ ಅಷ್ಟಿರದು ಎಂಬ ನಂಬಿಕೆ ಬಹುಕಾಲ ಇತ್ತು. 1955–58ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಅದನ್ನು ಆಗಲೇ ಅಲುಗಿಸಿತ್ತು, ತುಮಕೂರಿನ ಅಂಕಿಗಳು ಅದಕ್ಕೆ ಬಲ ಕೊಟ್ಟವು. ಹನ್ನೆರಡು ವರ್ಷ ಕಳೆದು ಅದೇ ಜಿಲ್ಲೆಯಲ್ಲಿ ಮತ್ತೆ ಸಮೀಕ್ಷೆ ನಡೆದಾಗ ರೋಗಿಗಳ ಪ್ರಮಾಣ ಹೆಚ್ಚೂಕಡಿಮೆ ಹಾಗೇ ನಿಂತಿತ್ತು. ಇಂಥ ಪ್ರಾಮಾಣಿಕ ಲೆಕ್ಕ ಅಂದಿನ ಬಡ ದೇಶಗಳಲ್ಲಿ ವಿರಳ. ಆ ಸಮೀಕ್ಷಕರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅವರು ಹಿಡಿದ ಅಳತೆಗೋಲು ಎದೆಯದು. ಎಕ್ಸ್-ರೇ ಪುಪ್ಪುಸ ತೋರಿಸುತ್ತದೆ, ಕಫ ಪುಪ್ಪುಸದಿಂದ ಬರುತ್ತದೆ. ಕುತ್ತಿಗೆಯಲ್ಲಿ ಮೂರು ಗಂಟು ಹೊತ್ತು ಅದೇ ಸಾಲಿನಲ್ಲಿ ನಿಂತ ಹುಡುಗಿಯ ಎಕ್ಸ್-ರೇ ಸ್ವಚ್ಛವಾಗಿದ್ದರೆ, ಆ ಕಡತದಲ್ಲಿ ಅವಳು ಕ್ಷಯವಿಲ್ಲದವಳು.

ಅದೇ ಸಮೀಕ್ಷೆಯ ಬೆನ್ನಿಗೆ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ರೋಗಿಗಳನ್ನು ಮಾತಾಡಿಸಿ 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಹೆಚ್ಚು ದೂರ ಹೋಯಿತು. ಹಳ್ಳಿಯವರಿಗೆ ತಮ್ಮ ರೋಗದ ಅರಿವಿಲ್ಲ, ಅವರನ್ನು ಮನೆಮನೆಗೆ ಹೋಗಿ ಹುಡುಕಿ ಎಬ್ಬಿಸಬೇಕು ಎಂದು ನಂಬಿದ್ದ ತಜ್ಞರಿಗೆ ಅದು ಕೊಟ್ಟ ಉತ್ತರ ಸ್ಪಷ್ಟ: ಕಫದಲ್ಲಿ ರೋಗಾಣು ಇದ್ದವರಲ್ಲಿ ಬಹುತೇಕ ಎಲ್ಲರಿಗೂ ಲಕ್ಷಣಗಳ ಅರಿವಿತ್ತು, ಹೆಚ್ಚಿನವರಿಗೆ ಅದರ ಚಿಂತೆಯಿತ್ತು, ಅರ್ಧಕ್ಕಿಂತ ತುಸು ಹೆಚ್ಚು ಜನ ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿದ್ದರು. ಅಲ್ಲಿ ಅವರಿಗೆ ಕ್ಷಯದ ಪರೀಕ್ಷೆ ನಡೆಯದೆ, ಕೆಮ್ಮಿನ ಔಷಧಿ ಕೈಗೆ ಬಂದಿತ್ತು. ಹಳ್ಳಿಯ ಬಡವರ ತಿಳಿವಳಿಕೆಯನ್ನು ನಂಬಿ ಒಂದು ರಾಷ್ಟ್ರೀಯ ಕಾರ್ಯಕ್ರಮವನ್ನೇ ಕಟ್ಟಿದ್ದು ಈ ಜಿಲ್ಲೆಯ ಮಾತಿನಿಂದ. ಪಾವಗಡವನ್ನು ಆಗ ಬಹುಪಾಲು ಸುತ್ತುವರಿದಿದ್ದ ಅನಂತಪುರ ಜಿಲ್ಲೆಯಲ್ಲಿ ಆ ಮಾದರಿಯನ್ನು ಪ್ರಯೋಗ ಮಾಡಿ ನೋಡಿ, 1962ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿದರು. ಕೆಮ್ಮಿಕೊಂಡು ತಾನಾಗಿ ಬಂದವರ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲೇ ನೋಡುವುದು ಅದರ ತಿರುಳು. ನಾನು ಎತ್ತುವ ತಕರಾರು ಇಷ್ಟೇ. ಬ್ಯಾನರ್ಜಿಯವರ ತರ್ಕವನ್ನು ಪೂರ್ತಿ ಪಾಲಿಸಿದ್ದರೆ ಗಂಟು ಹೊತ್ತು ತಾನಾಗಿ ಬಂದವರಿಗೂ ಅದೇ ನ್ಯಾಯ ಸಲ್ಲಬೇಕಿತ್ತು. ಅವರಿಗೂ ತಮ್ಮ ಲಕ್ಷಣದ ಅರಿವಿದೆ, ದಿನವೂ ಕನ್ನಡಿಯಲ್ಲಿ ಕಾಣುತ್ತದೆ, ಚಿಂತೆಯೂ ಇದೆ. ಆಸ್ಪತ್ರೆಯಲ್ಲಿ ಇದ್ದ ಸೂಕ್ಷ್ಮದರ್ಶಕ ಮಾತ್ರ ಕಫಕ್ಕಾಗಿ ಇತ್ತು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಕುತ್ತಿಗೆಯ ಗ್ರಂಥಿಯಲ್ಲಿರುವ ಕ್ಷಯ ಉಸಿರಿನಿಂದ ಇನ್ನೊಬ್ಬರಿಗೆ ಹೋಗುವುದಿಲ್ಲ, ಸಾಮಾನ್ಯವಾಗಿ ಕೊಲ್ಲುವುದೂ ಇಲ್ಲ. ಎಕ್ಸ್-ರೇ ಯಂತ್ರ ಜಿಲ್ಲೆಗೆ ಒಂದು, ಸ್ಟ್ರೆಪ್ಟೊಮೈಸಿನ್ ದುಬಾರಿ ಎಂಬ ಕಾಲದಲ್ಲಿ, ಹತ್ತು ಜನರಿಗೆ ಅಂಟಿಸುವ ಕೆಮ್ಮಿನ ರೋಗಿಯನ್ನು ಮೊದಲು ಹಿಡಿಯಬೇಕೆಂದು ನಿರ್ಧರಿಸಿದ್ದು ಸರಿಯಲ್ಲವೇ? ಸರಿಯೇ. 1962ರಲ್ಲಿ ನಾನು ಆ ಸಭೆಯಲ್ಲಿ ಕೂತಿದ್ದರೂ ಬಹುಶಃ ಅದಕ್ಕೇ ಕೈಯೆತ್ತುತ್ತಿದ್ದೆ. ಆದರೂ ಈ ತರ್ಕದಲ್ಲಿ ಎರಡು ಬಿರುಕುಗಳಿವೆ. ಮೊದಲನೆಯದು, ಗಂಟು ಹರಡದಿದ್ದರೂ ಹರಡಿದವರ ಸುಳಿವು ಕೊಡುತ್ತದೆ. ಬ್ರಿಟನ್ನಿನಲ್ಲಿ ಹಾಲು ಪಾಶ್ಚರೀಕರಣಗೊಳ್ಳುವ ಮೊದಲು ಮಕ್ಕಳ ಕುತ್ತಿಗೆಯ ಗಂಟುಗಳಲ್ಲಿ ಬಹುಪಾಲು ರೋಗಪೀಡಿತ ಹಸುವಿನ ಹಸಿ ಹಾಲಿನಿಂದ ಬಂದವು. ನಮ್ಮ ಸೀಮೆಯಲ್ಲಿ ಕರೆದ ಹಾಲನ್ನು ಉಕ್ಕಿಸದೆ ಮಗುವಿಗೆ ಕೊಡುವ ರೂಢಿ ಇಲ್ಲ. ಹಾಲಿನ ದಾರಿ ಬಹುಮಟ್ಟಿಗೆ ಮುಚ್ಚಿದೆ. ಹಾಗಾಗಿ ಇಲ್ಲಿ ಐದು ವರ್ಷದ ಮಗುವಿನ ಕುತ್ತಿಗೆಯಲ್ಲಿ ಕ್ಷಯದ ಗಂಟು ಸಿಕ್ಕಿತೆಂದರೆ ಅದೇ ಹಟ್ಟಿಯಲ್ಲಿ, ಅನೇಕ ಸಲ ಅದೇ ಮನೆಯಲ್ಲಿ, ಕೆಮ್ಮುತ್ತಿರುವ ದೊಡ್ಡವರೊಬ್ಬರು ಇದ್ದಾರೆ. ಅಜ್ಜನೋ ಚಿಕ್ಕಪ್ಪನೋ ಬೀಡಿ ಕೆಮ್ಮು ಎಂದುಕೊಂಡು ಸುಮ್ಮನಿರುವ ಆ ರೋಗಿಯನ್ನು ಹಿಡಿಯುವ ಸುಲಭದ ದಾರಿ ಮಗುವಿನ ಗಂಟು. ಹರಡುವಿಕೆಯನ್ನೇ ಮುಖ್ಯವೆಂದು ಹಿಡಿದರೂ ಗಂಟನ್ನು ಬಿಡುವಂತಿರಲಿಲ್ಲ. ಎರಡನೆಯದು, ಪುಪ್ಪುಸದ ಕ್ಷಯ ಗಂಡಸರಲ್ಲಿ ಹೆಚ್ಚು, ಗ್ರಂಥಿಗಳ ಕ್ಷಯ ಹೆಂಗಸರಲ್ಲಿ ಮತ್ತು ಎಳೆಯರಲ್ಲಿ ಹೆಚ್ಚು ಎಂಬುದನ್ನು ದೇಶದ ಹಲವು ಆಸ್ಪತ್ರೆಗಳ ದಾಖಲೆಗಳು ತೋರಿಸಿವೆ. ಕೆಮ್ಮನ್ನು ಮಾತ್ರ ಎಣಿಸುವ ಲೆಕ್ಕದಲ್ಲಿ ಯಾರು ಕಡಿಮೆ ಕಾಣುತ್ತಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮದುವೆಯ ವಯಸ್ಸಿನ ಹುಡುಗಿಯ ಕುತ್ತಿಗೆಯಲ್ಲಿ ಗಂಟು ಒಡೆದು ಸೋರಿ ಕಲೆ ಉಳಿದರೆ ಆ ಮನೆಯವರಿಗೆ ಅದೇನೂ ಸಣ್ಣ ಸಂಕಟವಲ್ಲ. 1997ರಲ್ಲಿ ಪರಿಷ್ಕೃತ ಕಾರ್ಯಕ್ರಮ ಬಂದಾಗಲೂ ಗಂಟಿನ ಕ್ಷಯಕ್ಕೆ ಸಿಕ್ಕಿದ್ದು ಮೂರನೆಯ ದರ್ಜೆ, ತೀವ್ರವಲ್ಲದ ಕಾಯಿಲೆಗಳ ಸಾಲು. ಆ ದರ್ಜೆ ರದ್ದಾಗಲು ಇನ್ನೂ ಹತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು.

ಎಣಿಕೆಯಲ್ಲಿ ಇಲ್ಲದ್ದು ಪರೀಕ್ಷೆಯಲ್ಲೂ ಇಲ್ಲವಾಯಿತು. ಗಂಟು ತೋರಿಸಿದವರಿಗೆ ಮೊದಲು ಒಂದು ವಾರದ ಆಂಟಿಬಯೋಟಿಕ್, ಕರಗದಿದ್ದರೆ ಕ್ಷಯದ ಮಾತ್ರೆ, ಅದರಿಂದ ಕರಗಿದರೆ ಕ್ಷಯವೇ ಆಗಿತ್ತೆಂಬ ತೀರ್ಮಾನ: ಪ್ರಯೋಗಾಲಯವಿಲ್ಲದ ಊರುಗಳಲ್ಲಿ ದಶಕಗಟ್ಟಲೆ ನಡೆದ ಕ್ರಮ ಇದು. ಕ್ಷಯ ಇಷ್ಟು ಹಬ್ಬಿರುವ ಜಿಲ್ಲೆಯಲ್ಲಿ ವೈದ್ಯರ ಊಹೆ ಹತ್ತರಲ್ಲಿ ಹಲವು ಸಲ ಸರಿಯೇ ಆಗಿರುತ್ತದೆ, ಗುಣವೂ ಆಗುತ್ತದೆ, ಮತ್ತೇಕೆ ಸೂಜಿ, ಪರೀಕ್ಷೆ ಎಂದು ಕೇಳುವವರಿದ್ದಾರೆ. ಮೊದಲ ವಾರದ ಆಂಟಿಬಯೋಟಿಕ್ ಬಗ್ಗೆ ನನ್ನ ತಕರಾರಿಲ್ಲ. ಹಲ್ಲು ಹುಳುಕಾಗಿ, ಗಂಟಲು ಕೆಟ್ಟು, ತಲೆಯಲ್ಲಿ ಹೇನು ಕೆರೆದು ಹುಣ್ಣಾಗಿ ಮಕ್ಕಳ ಗ್ರಂಥಿ ಊದುವುದೇ ಹೆಚ್ಚು, ಅವು ಎರಡು ಮೂರು ವಾರಗಳಲ್ಲಿ ಇಳಿಯುತ್ತವೆ. ತೊಂದರೆ ಇರುವುದು ಆಮೇಲಿನ ಹೆಜ್ಜೆಯಲ್ಲಿ. ಕೊಟ್ಟು ನೋಡುವ ವಿಧಾನ ಬೇರೆ ಯಾವ ಅಂಗದಲ್ಲಾದರೂ ನಡೆದೀತು, ಗ್ರಂಥಿಯಲ್ಲಿ ಅದು ಎರಡೂ ಕಡೆಯಿಂದ ಮೋಸ ಮಾಡುತ್ತದೆ. ನಿಜವಾಗಿ ಕ್ಷಯವಿದ್ದವರ ಗಂಟು ಸರಿಯಾದ ಮಾತ್ರೆ ನುಂಗುತ್ತಿರುವಾಗಲೇ ಕೆಲವರಲ್ಲಿ ದೊಡ್ಡದಾಗುತ್ತದೆ, ಹೊಸ ಗಂಟು ಏಳುತ್ತದೆ, ಕೀವು ಕಟ್ಟುತ್ತದೆ. ಸಾಯುತ್ತಿರುವ ರೋಗಾಣುವಿನ ವಿರುದ್ಧ ಮೈ ತೋರುವ ಪ್ರತಿರೋಧ ಅದು. ಔಷಧಿ ಹಿಡಿಯಲಿಲ್ಲವೆಂದು ತಿಳಿದು ಅದನ್ನು ಬಿಡುವವರೂ, ಇನ್ನೊಂದು ಆಸ್ಪತ್ರೆಗೆ ಹೋಗಿ ಬೇರೆ ಔಷಧಿ ಬರೆಸಿಕೊಳ್ಳುವವರೂ ಇದ್ದಾರೆ. ಇತ್ತ, ಕ್ಷಯವೇ ಅಲ್ಲದ ಗಂಟು ತಾನಾಗಿ ಕರಗಬಹುದು. 1972ರಲ್ಲಿ ಜಪಾನಿನ ಕಿಕುಚಿ ಮತ್ತು ಫುಜಿಮೊಟೊ ಬೇರೆ ಬೇರೆಯಾಗಿ ವರ್ಣಿಸಿದ ರೋಗವೊಂದಿದೆ: ಏಷ್ಯಾದ ಎಳೆಯ ಹೆಂಗಸರಲ್ಲಿ ಹೆಚ್ಚು, ಕುತ್ತಿಗೆಯಲ್ಲಿ ಗಂಟು, ಸಣ್ಣ ಜ್ವರ, ನಿಶ್ಶಕ್ತಿ, ಕೆಲವು ತಿಂಗಳಲ್ಲಿ ಯಾವ ಔಷಧಿಯಿಲ್ಲದೆ ಮಾಯ. ಅದಕ್ಕೆ ಆರು ತಿಂಗಳು ಕ್ಷಯದ ಮಾತ್ರೆ ಕೊಟ್ಟರೆ ಗಂಟು ಕರಗುತ್ತದೆ, ಊಹೆ ಸರಿಯಾಯಿತೆಂದು ಎಲ್ಲರೂ ಸಮಾಧಾನಪಡುತ್ತಾರೆ, ಯಕೃತ್ತಿಗೆ ಬಿದ್ದ ಹೊರೆಯ ಲೆಕ್ಕ ಯಾರಿಗೂ ಬೇಕಿಲ್ಲ. ರಿಫಾಂಪಿಸಿನ್ ಕ್ಷಯದ ರೋಗಾಣುವನ್ನಲ್ಲದೆ ಬೇರೆ ಹಲವನ್ನೂ ಕೊಲ್ಲುತ್ತದೆ, ಕುರಿ ಮೇಕೆಗಳಿಂದ ಬರುವ ಬ್ರುಸೆಲ್ಲಾ ಅದರಲ್ಲೊಂದು. ಕುರಿ ಸಾಕಣೆಯೇ ಬದುಕಾದ ಶಿರಾ, ಪಾವಗಡಗಳಲ್ಲಿ ಇದನ್ನು ಮರೆಯುವಂತಿಲ್ಲ. ಕರಗಿತು ಎಂಬುದು ಪುರಾವೆಯಲ್ಲ, ಬೆಳೆಯಿತು ಎಂಬುದೂ ಪುರಾವೆಯಲ್ಲ.

ಊಹೆ ತಪ್ಪಿದಾಗ ತೆರುವ ಬೆಲೆ ಎಲ್ಲರಿಗೂ ಒಂದೇ ಅಲ್ಲ. ಕಡ್ಡಿಪುಡಿ, ಎಲೆ ಅಡಿಕೆ, ಬೀಡಿಗಳಿಗೆ ಒಗ್ಗಿದ ಐವತ್ತು ದಾಟಿದವರ ಕುತ್ತಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಅಲುಗದೆ ನಿಂತ ಗಂಟು ಮೊದಲು ಬಾಯಿ, ನಾಲಿಗೆಯ ಬುಡ, ಗಂಟಲುಗಳನ್ನು ನೋಡಿ ಎನ್ನುತ್ತದೆ. ಎಡಗಡೆ ಕೊರಳೆಲುಬಿನ ಮೇಲಿನ ಗಂಟು ಹೊಟ್ಟೆಯೊಳಗಿನ ಕ್ಯಾನ್ಸರಿನ ಸೂಚನೆಯಾಗಬಹುದು. ಥೈರಾಯ್ಡಿನ ಕ್ಯಾನ್ಸರ್ ಎಷ್ಟೋ ಸಲ ಮೊದಲು ತೋರಿಕೊಳ್ಳುವುದು ಪಕ್ಕದ ಗ್ರಂಥಿಯಲ್ಲಿ. ಎಚ್‌ಐವಿ ಸೋಂಕು, ಲೂಪಸ್, ಬಗೆಬಗೆಯ ಲಿಂಫೋಮಾಗಳು ಇದೇ ಜಾಗದಲ್ಲಿ ಇದೇ ವೇಷದಲ್ಲಿ ಬರುತ್ತವೆ. ಇವರಿಗೆಲ್ಲ ‘ಎರಡು ತಿಂಗಳು ಮಾತ್ರೆ ನುಂಗಿ ನೋಡೋಣ’ ಎಂದರೆ ಕಳೆದುಹೋಗುವುದು ಗುಣವಾಗಬಹುದಾಗಿದ್ದ ಎರಡು ತಿಂಗಳು. ಇನ್ನು ಗಂಟು ಬೇಗ ಇಳಿಯಲೆಂದು ಮೇಲಿಂದ ಸ್ಟೀರಾಯ್ಡ್ ಕೊಟ್ಟರೆ ಲಿಂಫೋಮಾ ತಾತ್ಕಾಲಿಕವಾಗಿ ಕುಗ್ಗಿ, ಆಮೇಲೆ ಬಯಾಪ್ಸಿ ಮಾಡಿದರೂ ಸುಳ್ಳು ಹೇಳುವಂತಾಗುತ್ತದೆ. ಡೊರೊಥಿ ರೀಡ್ 1902ರಲ್ಲಿ ಬಿಡಿಸಿದ ಗಂಟನ್ನು ನಾವು ಮತ್ತೆ ಕಗ್ಗಂಟು ಮಾಡಿದಂತಾಗುತ್ತದೆ.

ಉತ್ತರ ಸಿಗುವ ದಾರಿ ಹಳೆಯದೇ. ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಹೇಸ್ ಮ್ಯಾರ್ಟಿನ್ ಮತ್ತು ಎಡ್ವರ್ಡ್ ಎಲ್ಲಿಸ್ 1930ರಲ್ಲಿ ಗಡ್ಡೆಗಳಿಗೆ ಸೂಜಿ ಹಾಕಿ ಕೋಶಗಳನ್ನು ಹೀರಿ ಓದುವ ಕ್ರಮ ಪ್ರಕಟಿಸಿದರು. ಸ್ವೀಡನ್ನಿನ ಕಾರೊಲಿನ್ಸ್ಕಾದ ವೈದ್ಯರು ಮುಂದಿನ ದಶಕಗಳಲ್ಲಿ ಸೂಜಿಯನ್ನು ಇನ್ನೂ ಸಣ್ಣದು ಮಾಡಿ ಅದನ್ನು ಶಾಸ್ತ್ರವಾಗಿಸಿದರು. ಇದೇ ಹೇಸ್ ಮ್ಯಾರ್ಟಿನ್, ಬಾಯಿ ಗಂಟಲು ನೋಡದೆ ಕುತ್ತಿಗೆಯ ಗಂಟನ್ನು ಮೊದಲೇ ಕತ್ತರಿಸಿ ತೆಗೆಯುವುದು ಕ್ಯಾನ್ಸರ್ ರೋಗಿಗೆ ಹಾನಿಯೆಂದೂ ಗಟ್ಟಿಯಾಗಿ ಹೇಳಿದವರು. ಸೂಜಿ ಪರೀಕ್ಷೆಯ ಹಿರಿಮೆ ಅದರ ಸರಳತೆ. ರಕ್ತ ತೆಗೆಯುವಷ್ಟೇ ನೋವು, ಹೊಲಿಗೆಯಿಲ್ಲ, ಕಲೆಯಿಲ್ಲ, ಮಂಪರಿನ ಔಷಧಿಯಿಲ್ಲ. ಆದರೆ ಹೀರಿದ್ದನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಓದಲು ಬಲ್ಲ ಕಣ್ಣು ಬೇಕು, ಆ ಕಣ್ಣು ಹತ್ತಿರದಲ್ಲಿರಲಿಲ್ಲ. ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಬೆಂಗಳೂರಿನಲ್ಲಿ ಶುರುವಾದದ್ದು 1973ರಲ್ಲಿ. ತುಮಕೂರಿನ ಅಗಳಕೋಟೆಯಲ್ಲಿ ಶ್ರೀ ಸಿದ್ಧಾರ್ಥ ವೈದ್ಯಕೀಯ ಕಾಲೇಜು ಬಂದದ್ದು 1988ರಲ್ಲಿ. ವೈದ್ಯಕೀಯ ಕಾಲೇಜೆಂದರೆ ರೋಗಲಕ್ಷಣಶಾಸ್ತ್ರದ ವಿಭಾಗ, ಸ್ಲೈಡು ಓದುವ ಗುರುಗಳು ಇರಲೇಬೇಕು. ಕ್ಷಯದ ಔಷಧಿಗಳು 1950ರ ದಶಕದಿಂದಲೇ ಇದ್ದವು. ಔಷಧಿಗೂ ನಿದಾನಕ್ಕೂ ನಡುವೆ ಮೂರು ದಶಕಕ್ಕೂ ಹೆಚ್ಚಿನ ಅಂತರ ಬಿದ್ದದ್ದು ಹೀಗೆ, ಕೊಟ್ಟು ನೋಡುವ ರೂಢಿ ಬೇರುಬಿಟ್ಟದ್ದು ಈ ಅಂತರದಲ್ಲೇ. ಕೊರಟಗೆರೆಯಿಂದ ತುಮಕೂರು ಹತ್ತಿರ, ಮಧುಗಿರಿ, ಶಿರಾಗಳಿಂದಲೂ ಬಸ್ಸಿನಲ್ಲಿ ಒಂದೆರಡು ಗಂಟೆ. ಪಾವಗಡದಿಂದ ನೂರು ಕಿಲೋಮೀಟರಿನ ಆಸುಪಾಸು, ಕೂಲಿಯ ಒಂದಿಡೀ ದಿನ ಹೋಗುತ್ತದೆ.

ಪ್ರತಿ ತಾಲ್ಲೂಕಿಗೂ ಸ್ಲೈಡು ಓದುವ ತಜ್ಞರನ್ನು ಕೂರಿಸುವುದು ಆಗದ ಮಾತು ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಬೇಕಾಗಿಲ್ಲ ಎಂಬುದೇ ನನ್ನ ಉತ್ತರ. ರೋಗಿಯೇ ಪ್ರಯಾಣ ಮಾಡಬೇಕಿಲ್ಲ, ಸ್ಲೈಡು ಮಾಡಿದರೆ ಸಾಕು. ಒಣಗಿಸಿದ ಅಥವಾ ಸ್ಪಿರಿಟ್ಟಿನಲ್ಲಿ ಅದ್ದಿದ ಗಾಜಿನ ಪಟ್ಟಿ ಮರದ ಡಬ್ಬಿಯಲ್ಲಿ ನೂರು ಕಿಲೋಮೀಟರು ಹೋದರೂ ಕೆಡುವುದಿಲ್ಲ. ಮೇಲಾಗಿ ಈಗ ರೋಗಾಣುವಿನ ವಂಶವಾಹಿಯನ್ನೇ ಹುಡುಕುವ ಯಂತ್ರಗಳಿವೆ. ವಿಶ್ವ ಆರೋಗ್ಯ ಸಂಸ್ಥೆ ಸಿಬಿನ್ಯಾಟ್ ಪರೀಕ್ಷೆಯನ್ನು 2010ರಲ್ಲಿ ಕಫಕ್ಕೂ 2013ರಲ್ಲಿ ಗ್ರಂಥಿಯ ಮಾದರಿಗೂ ಒಪ್ಪಿತು. ಪುಪ್ಪುಸದಾಚೆಯ ಕ್ಷಯಕ್ಕೆಂದೇ 2016ರಲ್ಲಿ ಬಂದ ಭಾರತದ ಮಾರ್ಗಸೂಚಿ ಕುತ್ತಿಗೆಯ ಗಂಟಿಗೆ ಸೂಜಿ ಪರೀಕ್ಷೆಯನ್ನೂ ಇದನ್ನೂ ಒಟ್ಟಿಗೆ ಮಾಡಬೇಕೆಂದು ಹೇಳಿತು. ಬೆಂಗಳೂರಿನಲ್ಲೇ ರೂಪುಗೊಂಡ ಟ್ರೂನ್ಯಾಟ್ ಬ್ಯಾಟರಿಯಲ್ಲೂ ನಡೆಯುವ ಯಂತ್ರ, ಕರೆಂಟು ಹೋಗಿ ಬರುವ ಊರಿಗೆ ಹೇಳಿ ಮಾಡಿಸಿದ್ದು. ಇವು ರೋಗಾಣುವನ್ನಷ್ಟೇ ಅಲ್ಲ, ಅದು ರಿಫಾಂಪಿಸಿನ್‌ಗೆ ಬಗ್ಗುತ್ತದೆಯೇ ಎಂಬುದನ್ನೂ ಒಂದೆರಡು ಗಂಟೆಯಲ್ಲಿ ಹೇಳಬಲ್ಲವು. ಗ್ರಂಥಿಯಲ್ಲಿ ರೋಗಾಣುಗಳ ಸಂಖ್ಯೆ ಕಡಿಮೆ, ಆದ್ದರಿಂದ ಇಲ್ಲ ಎಂದು ಬಂದ ವರದಿಯನ್ನು ಪೂರ್ತಿ ನಂಬುವಂತಿಲ್ಲ, ನಿಜ. ಅದಕ್ಕೇ ಯಂತ್ರವೂ ಬೇಕು, ಕೋಶ ಓದುವ ಕಣ್ಣೂ ಬೇಕು, ಎರಡೂ ಹೊಂದದಿದ್ದರೆ ಗಂಟನ್ನು ಇಡಿಯಾಗಿ ತೆಗೆದು ನೋಡುವ ಶಸ್ತ್ರವೈದ್ಯರೂ ಬೇಕು.

ಆ ಕೊನೆಯ ಹೆಜ್ಜೆಯಲ್ಲಿ ಸಣ್ಣದೊಂದು ಸಂಗತಿ ದೊಡ್ಡ ವ್ಯತ್ಯಾಸ ಮಾಡುತ್ತದೆ. ತೆಗೆದ ಗಂಟನ್ನು ಪೂರ್ತಿಯಾಗಿ ಫಾರ್ಮಾಲಿನ್ ಬಾಟಲಿಗೆ ಹಾಕಿದರೆ ಅದರೊಳಗಿನ ರೋಗಾಣು ಸಾಯುತ್ತದೆ. ಅದನ್ನು ಬೆಳೆಸಿ ಯಾವ ಔಷಧಿ ನಾಟುತ್ತದೆಂದು ನೋಡುವ ದಾರಿ ಅಲ್ಲಿಗೆ ಮುಚ್ಚುತ್ತದೆ. ಅರ್ಧ ಫಾರ್ಮಾಲಿನ್‌ಗೆ, ಅರ್ಧ ಉಪ್ಪುನೀರಿನ ಬಾಟಲಿಗೆ ಹಾಕಿ ಎರಡು ಕಡೆ ಕಳಿಸಿದರೆ ಒಂದೇ ಶಸ್ತ್ರಕ್ರಿಯೆಯಲ್ಲಿ ಕ್ಯಾನ್ಸರಿನ ಪ್ರಶ್ನೆಗೂ ಕ್ಷಯದ ಪ್ರಶ್ನೆಗೂ ಉತ್ತರ ಸಿಗುತ್ತದೆ. ಇದಕ್ಕೆ ಬೇಕಾದದ್ದು ಇನ್ನೊಂದು ಬಾಟಲಿ, ಇನ್ನೊಂದು ಚೀಟಿ. ದೇಶದಲ್ಲಿ ಈಚಿನ ವರ್ಷಗಳಲ್ಲಿ ದಾಖಲಾಗುವ ಕ್ಷಯರೋಗಿಗಳಲ್ಲಿ ಐದರಲ್ಲಿ ಒಬ್ಬರಿಂದ ನಾಲ್ಕರಲ್ಲಿ ಒಬ್ಬರವರೆಗೆ ಪುಪ್ಪುಸದಾಚೆಯ ಕ್ಷಯದವರು, ಅವರಲ್ಲಿ ಗ್ರಂಥಿಯವರ ಪಾಲು ದೊಡ್ಡದು. 1961ರ ಸಮೀಕ್ಷಕರ ಕೈಯಲ್ಲಿ ಇಲ್ಲದ ಸೂಜಿಯೂ ಯಂತ್ರವೂ ಇಂದು ಜಿಲ್ಲೆಯಲ್ಲಿವೆ. ಅವು ಇದ್ದೂ ಗಂಟಿಗೆ ಬರೀ ಊಹೆಯ ಮೇಲೆ ಆರು ತಿಂಗಳ ಮಾತ್ರೆ ಬರೆದರೆ, ಆ ಚೀಟಿಯ ಆಧಾರದ ಮೇಲೆ ಏರುವ ಜಿಲ್ಲೆಯ ಅಂಕಿಯೂ ಊಹೆಯೇ. ಹಾಗಾಗಿ ಮಧುಗಿರಿ ಉಪವಿಭಾಗದ ಗಂಟಿನ ರೋಗಿಗಳ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಎರಡು ಅಂಕಣಗಳು ತುಂಬಿರಬೇಕು: ಗಂಟಿನ ಮಾದರಿಯಲ್ಲಿ ಏನು ಸಿಕ್ಕಿತು, ಮತ್ತು ರೋಗಿ ಮಗುವಾಗಿದ್ದರೆ ಆ ಮನೆಯಲ್ಲಿ ಯಾರ ಕಫ ನೋಡಲಾಯಿತು. ಮೊದಲನೆಯದರಲ್ಲಿ ಕ್ಷಯವಲ್ಲ ಎಂದು ಬಂದವರ ಕಡತವನ್ನು ಮುಚ್ಚದೆ, ತುಮಕೂರಿಗೋ ಕಿದ್ವಾಯಿಗೋ ಕಳಿಸಿದ ದಿನಾಂಕವನ್ನು ಅದರ ಪಕ್ಕದಲ್ಲೇ ಬರೆಯಬೇಕು.